ಕೆಂಪು ಚೀಟಿ ಕಟ್ಟಿದೆ, ಅಟ್ಟ ಖಾಲಿಯಾಯಿತು

ನಮ್ಮ ಮನೆಯ ಅಟ್ಟ ಈಗ ಮುಕ್ಕಾಲು ಪಾಲು ಖಾಲಿ. ಹಿಂದಿನ ಕೋಣೆಯ ನೆಲ ಕಾಣುತ್ತದೆ. ಬೀರುವಿನ ಬಾಗಿಲನ್ನು ಭುಜ ಕೊಟ್ಟು ಒತ್ತದೆಯೇ ಮುಚ್ಚಬಹುದು. ಇದನ್ನು ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ. ಸಾಮಾನಿಗೆ ಕೆಂಪು ಚೀಟಿ ಕಟ್ಟಿ ಮನೆ ಖಾಲಿ ಮಾಡಲು ನಾನು ಶುರು ಮಾಡಿದಾಗ ಅಕ್ಕ "ಮನೆ ಅಂದ್ರೆ ನಿನ್ನ ಫ್ಯಾಕ್ಟರಿ ಅಂದ್ಕೊಂಡಿದ್ಯಾ?" ಅಂದಿದ್ದಳು. ಭಾವ ನಕ್ಕಿದ್ದರು. ಅಪ್ಪ ಪೇಪರಿನಿಂದ ತಲೆಯನ್ನೇ ಎತ್ತಿರಲಿಲ್ಲ.

ಇಟ್ಟುಕೊಳ್ಳುವುದು, ಕೊಡುವುದು, ಎಸೆಯುವುದು ಅನ್ನುವ ಮೂರು ಡಬ್ಬದ ಲೆಕ್ಕ ನಿಮಗೆಲ್ಲ ಗೊತ್ತೇ ಇದೆ. ಟೈಮರ್ ಇಟ್ಟುಕೊಂಡು ಮಾಡುವುದೂ ಗೊತ್ತು. ಅದನ್ನೇ ಮತ್ತೆ ಹೇಳಿ ತಲೆ ತಿನ್ನುವುದಿಲ್ಲ. ಅವು ತಪ್ಪು ಅಂತಲ್ಲ. ಆದರೆ ಅಪ್ಪ, ಅಮ್ಮ, ತೀರಿಹೋದ ಅಜ್ಜ ಅಜ್ಜಿ, ಬೇರೆ ಮನೆ ಮಾಡಿಕೊಂಡ ಅಕ್ಕ, ನಾವಿಬ್ಬರು, ಮಕ್ಕಳು, ಇಷ್ಟು ಜನರ ಸಾಮಾನು ಒಂದೇ ಸೂರಿನಡಿ ಸೇರಿಕೊಂಡ ಮನೆಯಲ್ಲಿ ಆ ಉಪಾಯಗಳು ಅರ್ಧ ದಾರಿಗೇ ನಿಂತುಬಿಡುತ್ತವೆ.

ಮೊದಲು ಹಿಡಿದಿದ್ದು ಎಲ್ಲರೂ ಹೇಳುವ ದಾರಿ. ಎಲ್ಲವನ್ನೂ ಹೊರಗೆ ತೆಗೆದು ರಾಶಿ ಹಾಕು, ಆಮೇಲೆ ಒಂದೊಂದೇ ಆರಿಸು. ಒಬ್ಬರ ಬಟ್ಟೆಗೆ ಇದು ಚೆನ್ನಾಗಿ ನಡೆಯುತ್ತದೆ. ಅಟ್ಟಕ್ಕೆ ನಡೆಯುವುದಿಲ್ಲ. ಬೆಳಿಗ್ಗೆ ಇಳಿಸಲು ಶುರು ಮಾಡಿದ್ದು, ಮಧ್ಯಾಹ್ನದ ಹೊತ್ತಿಗೆ ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ಅಲ್ಲಿಗೆ ಕೈಕಾಲು ಆಡುವುದು ನಿಂತುಹೋಯಿತು. ಒಂದು ವಸ್ತು ಎತ್ತಿಕೊಳ್ಳುವುದು, ನೋಡುವುದು, ಕೆಳಗಿಡುವುದು, ಇನ್ನೊಂದು ಎತ್ತಿಕೊಳ್ಳುವುದು, ಅದನ್ನೂ ಕೆಳಗಿಡುವುದು. ಸಂಜೆಯಾದರೆ ಮಕ್ಕಳು ಮಲಗಬೇಕು, ಜಾಗ ಬೇಕು. ಎಲ್ಲವನ್ನೂ ಸಿಕ್ಕ ಸಿಕ್ಕ ಹಾಗೆ ವಾಪಸ್ ಮೇಲೆ ತುರುಕಿದೆವು. ಮೊದಲಾದರೂ ಯಾವುದು ಎಲ್ಲಿದೆ ಅಂತ ಅಮ್ಮನಿಗೆ ಗೊತ್ತಿತ್ತು, ಆಮೇಲೆ ಅದೂ ಹೋಯಿತು.

ಎರಡನೆಯದು ಪ್ಲಾಸ್ಟಿಕ್ ಡಬ್ಬಗಳು. ಒಂದರ ಮೇಲೊಂದು ಕೂರುವಂಥವು, ಮುಚ್ಚಳ ಕ್ಲಿಕ್ ಅನ್ನುವಂಥವು. ಎರಡು ಡಜನ್ ಹತ್ತಿರ ಬಂದಿರಬೇಕು. ನಿಜ ಹೇಳಬೇಕೆಂದರೆ ಅವಕ್ಕೆ ಕೊಟ್ಟ ದುಡ್ಡು, ಅವುಗಳೊಳಗೆ ಹೋದ ಸಾಮಾನಿನ ಬೆಲೆಗಿಂತ ಜಾಸ್ತಿ. ಬೇಡದ್ದೆಲ್ಲ ಚೆಂದವಾಗಿ ಜೋಡಿಸಿಕೊಂಡು ಕೂತಿತು, ಅಷ್ಟೇ. ಆರಿಸುವ ಮುಂಚೆ ಡಬ್ಬ ಕೊಳ್ಳಬೇಡಿ. ಈಗ ಅರ್ಧಕ್ಕರ್ಧ ಡಬ್ಬಗಳೇ ಖಾಲಿ ಬಿದ್ದಿವೆ. ಅವಕ್ಕೂ ಚೀಟಿ ಕಟ್ಟಿದ್ದೇನೆ.

ಮೂರನೆಯದು ದುಡ್ಡು ಕೊಟ್ಟು ಜನ ಕರೆಸಿದ್ದು. ಇಬ್ಬರು ಬಂದರು. ಚುರುಕಿನವರು, ಕೆಲಸದಲ್ಲಿ ತಪ್ಪು ಹೇಳುವ ಹಾಗಿಲ್ಲ. ಆದರೆ ಪ್ರತಿಯೊಂದಕ್ಕೂ "ಇದು ಇರಬೇಕಾ?" ಅಂತ ಕೇಳುತ್ತಾರೆ, ಕೇಳಲೇಬೇಕು. ಉತ್ತರ ಹೇಳಬೇಕಾದವರು ನಾವೇ. ದಿನದ ಕೂಲಿಯಲ್ಲಿ ಮುಕ್ಕಾಲು ಭಾಗ ಅವರು ನಮ್ಮ ಉತ್ತರಕ್ಕೆ ಕಾದು ನಿಂತಿದ್ದಕ್ಕೇ ಹೋಯಿತು.

ಅಲ್ಲಿಗೆ ನನಗೆ ಒಂದು ಅನುಮಾನ ಬಂತು. ಒಂದು ಭಾನುವಾರ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟು ಅಳೆದೆ. ಒಂದು ಸಾಮಾನನ್ನು ಎತ್ತಿ, ಒರೆಸಿ, ಪಕ್ಕಕ್ಕಿಡಲು 10-12 ಸೆಕೆಂಡು. ಅದು ಬೇಕಾ ಬೇಡವಾ ಅಂತ ತೀರ್ಮಾನಿಸಲು ನನ್ನದಾದರೆ ಅರ್ಧ ನಿಮಿಷ. ಬೇರೆಯವರದ್ದಾದರೆ ಮೂರು ನಾಲ್ಕು ನಿಮಿಷ, ಯಾಕೆಂದರೆ ಕೂಗಿ ಕರೆಯಬೇಕು, ಅವರು ಬರಬೇಕು, ಬಂದು ಅದರ ಕಥೆ ಹೇಳಬೇಕು, ಕೊನೆಗೆ "ಸದ್ಯಕ್ಕೆ ಇರಲಿ" ಅನ್ನಬೇಕು. ಸುಸ್ತು ಮಾಡುತ್ತಿದ್ದದ್ದು ಧೂಳೂ ಅಲ್ಲ, ಭಾರವೂ ಅಲ್ಲ. ಈ ಕೇಳಾಟ. ನಮ್ಮದಲ್ಲದ ವಸ್ತುವಿನ ಬಗ್ಗೆ ನಾವು ತೀರ್ಮಾನ ಮಾಡಲು ಹೋಗುವುದೇ ಎಡವಟ್ಟು, ಅಲ್ವಾ?

ಇಲ್ಲಿ ನನಗೆ ನೆರವಾದದ್ದು ಕಾರ್ಖಾನೆಯ ಕೆಲಸ. ಕೆಲಸದ ಜಾಗವನ್ನು ಅಚ್ಚುಕಟ್ಟಾಗಿಡಲು ಜಪಾನಿನ ಕಾರ್ಖಾನೆಗಳಿಂದ ಬಂದ ಫೈವ್ ಎಸ್ ಪದ್ಧತಿ ಗೊತ್ತಿರುವವರಿಗೆ ರೆಡ್ ಟ್ಯಾಗ್ ಗೊತ್ತಿರುತ್ತದೆ. ಕೆಲಸದ ಜಾಗದಲ್ಲಿ ಬೇಕೋ ಬೇಡವೋ ಅಂತ ಅನುಮಾನ ಬಂದ ಪ್ರತಿ ವಸ್ತುವಿಗೂ ಕೆಂಪು ಚೀಟಿ ಕಟ್ಟಿ, ತಾರೀಖು ಬರೆದು, ಬೇರೆ ಜಾಗಕ್ಕೆ ಸಾಗಿಸುತ್ತಾರೆ. ಗಡುವಿನೊಳಗೆ ಯಾರೂ ಕೇಳಿ ಬರದಿದ್ದರೆ ಅದು ಹೋಗುತ್ತದೆ. ಅಲ್ಲಿ ವಾದವಿಲ್ಲ, ಕಥೆಯಿಲ್ಲ. ಇದನ್ನೇ ಮನೆಗೆ ತಂದೆ.

ನಮ್ಮ ಚೀಟಿಯಲ್ಲಿ ನಾಲ್ಕೇ ವಿಷಯ: ಏನು, ಯಾರದು, ಯಾವತ್ತು ಕಟ್ಟಿದ್ದು, ಯಾವತ್ತಿನವರೆಗೆ. ಕಟ್ಟುವಾಗ ಯಾರನ್ನೂ ಕೇಳುವುದಿಲ್ಲ. ಬೇಕಾ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಕಟ್ಟಿದ್ದು ಹಿಂದಿನ ಕೋಣೆಗೆ ಹೋಗುತ್ತದೆ, ಅಷ್ಟೇ. ಬೇಕಾದವರು ಹೋಗಿ ತಾವೇ ಹುಡುಕಿ ತಂದುಕೊಂಡು, ಚೀಟಿ ಬಿಚ್ಚಿ ನನ್ನ ಕೈಗೆ ಕೊಡಬೇಕು. ಈ ಕೊನೆಯ ಮಾತು ಮುಖ್ಯ. ಕೂತಲ್ಲಿಂದಲೇ "ಇರಲಿ" ಅನ್ನುವುದು ಸುಲಭ. ಎದ್ದು ಹೋಗಿ ತರುವಷ್ಟು ಬೇಕಾ ಅನ್ನುವುದು ಬೇರೆ ಮಾತು. ಗಡುವು ಸಾಮಾನ್ಯ ಸಾಮಾನಿಗೆ ಮೂರು ತಿಂಗಳು. ಬಟ್ಟೆ, ಹೊದಿಕೆ, ಛತ್ರಿಯಂಥವಕ್ಕೆ ಒಂದು ವರ್ಷ, ಯಾಕೆಂದರೆ ಅವುಗಳ ಕಾಲ ಒಂದು ಸುತ್ತು ಬಂದು ಹೋಗಬೇಕು. ಫೋಟೋ, ಪತ್ರ, ಮನೆಯ ದಾಖಲೆಗಳಿಗೆ ಚೀಟಿಯೇ ಇಲ್ಲ, ಅವು ಬೇರೆ.

ಇನ್ನೊಂದು ನಿಯಮ, ತಲೆ ಕೆಡದಿರಲು ಮಾಡಿಕೊಂಡಿದ್ದು. ಒಂದು ಸಲಕ್ಕೆ ಒಂದು ಬಾಗಿಲಿನಷ್ಟು ಅಗಲ ಮಾತ್ರ. ತೆರೆದದ್ದನ್ನು ಮುಕ್ಕಾಲು ಗಂಟೆಯೊಳಗೆ ಮುಚ್ಚಬೇಕು. ಮುಚ್ಚಲಾಗದಷ್ಟು ದೊಡ್ಡದಾದರೆ ತೆರೆಯಲೇಬಾರದು. ಈ ಕೋಣೆಯಲ್ಲಿ ಸಿಕ್ಕಿದ ಕತ್ತರಿಯನ್ನು ಆ ಕೋಣೆಗೆ ಇಡಲು ಹೋಗಿ, ಅಲ್ಲಿ ಇನ್ನೊಂದು ಡ್ರಾ ತೆರೆದು ಕೂರುವ ಚಾಳಿ ಇದೆಯಲ್ಲ, ಅದನ್ನು ನಿಲ್ಲಿಸಲು ಬಾಗಿಲಲ್ಲಿ ಒಂದು ಬುಟ್ಟಿ. ಹೊರಗಿನದ್ದೆಲ್ಲ ಅದರಲ್ಲಿ. ಕೊನೆಗೆ ಒಂದೇ ಸಲ ಹಂಚುವುದು.

ಅಪ್ಪ ಮೊದಲ ವಾರ ಚೀಟಿ ಬಿಚ್ಚಿಕೊಂಡು ಬಂದದ್ದೇ ಬಂದದ್ದು. ಹಳೇ ರೇಡಿಯೋ, ಕಾಲು ಮುರಿದ ಸ್ಟೂಲು, ಯಾವುದೋ ಬೀಗದ ಕೈ, ಬೀಗ ಎಲ್ಲಿದೆಯೋ ಗೊತ್ತಿಲ್ಲ. ನಾನು ಏನೂ ಅನ್ನಲಿಲ್ಲ. ಎರಡನೇ ವಾರ ಕಮ್ಮಿಯಾಯಿತು. ಮೂರನೇ ವಾರದ ಹೊತ್ತಿಗೆ ಹಿಂದಿನ ಕೋಣೆಗೆ ಹೋಗುವುದನ್ನೇ ಬಿಟ್ಟರು. ಅಮ್ಮನ ಟ್ರಂಕು ಮಾತ್ರ ಬೇರೆ ಕಥೆ. ಅದನ್ನು ಅವರೇ ತೆರೆದು ಅವರೇ ಅರ್ಧ ಮಾಡಿದರು, ಅದಕ್ಕೆ ನಾನು ಒಂದು ಉಪಾಯ ಮಾಡಿದ್ದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅಮ್ಮನೂ ಇದನ್ನು ಓದುತ್ತಾರೆ.

ಲೆಕ್ಕ ಹೇಳಬೇಕೆಂದರೆ, ನೆನಪಿನ ಮೇಲೆ, ಆರೇಳು ತಿಂಗಳಲ್ಲಿ ಸುಮಾರು 400 ಚೀಟಿ ಕಟ್ಟಿರಬಹುದು. ವಾಪಸ್ ಬಂದದ್ದು 40ರ ಆಸುಪಾಸು, ಅದರಲ್ಲೂ ಜಾಸ್ತಿ ಅಪ್ಪನ ಮೊದಲ ವಾರದ್ದು. ಚೀಟಿ, ದಾರ, ಮಾರ್ಕರ್ ಪೆನ್, ಎಲ್ಲ ಸೇರಿ ಖರ್ಚಾದದ್ದು ಆ ಡಬ್ಬಗಳಲ್ಲಿ ಒಂದರ ಬೆಲೆಯೂ ಅಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಮಾರಿದರೆ ಒಳ್ಳೆ ಬೆಲೆ ಬರುತ್ತದೆ ಅನ್ನುವ ಆಸೆಯಲ್ಲೇ ಎಷ್ಟೋ ಸಾಮಾನು ಮನೆಯಲ್ಲಿ ಉಳಿಯುತ್ತದೆ. ಅಪ್ಪನ ಹಳೇ ಫಿಲ್ಮ್ ಕ್ಯಾಮೆರಾ ಮೇಲೆ ಒಂದು ಪ್ರಯೋಗ ಮಾಡಿದೆ. "ಇದಕ್ಕೆ ಎಷ್ಟು ಬರಬಹುದು?" ಅಂದೆ. ಒಂದು ಬೆಲೆ ಹೇಳಿದರು. ಒಂದೆರಡು ವಾರ ಬಿಟ್ಟು, ಅದೇ ಮಾಡೆಲ್ ಬೇರೆ ಯಾರೋ ಮಾರುತ್ತಿರುವ ಚಿತ್ರ ತೋರಿಸಿ, "ಎಷ್ಟಕ್ಕೆ ತಗೋಬಹುದು?" ಅಂದೆ. ಮೊದಲು ಹೇಳಿದ್ದರ ಮೂರನೇ ಒಂದು ಭಾಗ ಹೇಳಿದರು! ಇದು ಅಪ್ಪನೊಬ್ಬರ ಗುಣವಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಇಬ್ಬರು ಜೊತೆಗಾರರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳ ಕೈಗೆ ಸುಮ್ನೆ ಒಂದೊಂದು ಕಾಫಿ ಮಗ್ ಕೊಟ್ಟರು. ಮಗ್ ಸಿಕ್ಕವರು ಮಾರಲು ಕೇಳಿದ ಬೆಲೆ, ಸಿಗದವರು ಕೊಳ್ಳಲು ಒಪ್ಪಿದ ಬೆಲೆಯ ಸುಮಾರು ಎರಡರಷ್ಟಿತ್ತು. ಕೆಲವೇ ನಿಮಿಷ ಕೈಯಲ್ಲಿದ್ದ ಮಗ್ಗಿಗೇ ಹೀಗಾದರೆ, ನಲವತ್ತು ವರ್ಷ ಇಟ್ಟುಕೊಂಡ ಕ್ಯಾಮೆರಾಕ್ಕೆ?

ಒಂದಷ್ಟನ್ನು ಆನ್‌ಲೈನ್‌ನಲ್ಲಿ ಮಾರಿದೆ. ಕೊಂಡ ಬೆಲೆಯ ಐದನೇ ಒಂದು ಭಾಗ ಬಂದರೆ ಪುಣ್ಯ. ಫೋಟೋ ತೆಗೆದು, ಮೆಸೇಜಿಗೆಲ್ಲ ಉತ್ತರ ಕೊಟ್ಟು, ಬರುತ್ತೇನೆ ಅಂದವರಿಗೆ ಕಾದು ಕೂತ ಗಂಟೆಗಳ ಲೆಕ್ಕ ಹಾಕಿದರೆ ನಷ್ಟವೇ. ಆಮೇಲೆ ದೊಡ್ಡ ಸಾಮಾನು ಮಾತ್ರ ಮಾರುವುದು, ಉಳಿದದ್ದು ಕೊಟ್ಟುಬಿಡುವುದು ಅಂತ ಮಾಡಿಕೊಂಡೆ. ಗುಜರಿಗೆ ಹಾಕುವ ಮುಂಚೆ ಮಾತ್ರ ಒಂದು ಆಯಸ್ಕಾಂತ ಇಟ್ಟುಕೊಳ್ಳಿ. ಹಿತ್ತಾಳೆಯ ಹಾಗೆ ಹೊಳೆಯುವುದೆಲ್ಲ ಹಿತ್ತಾಳೆಯಲ್ಲ, ಅಂಟಿದರೆ ಒಳಗಿರುವುದು ಕಬ್ಬಿಣ. ಹಿತ್ತಾಳೆ, ತಾಮ್ರಕ್ಕೆ ಅದು ಅಂಟುವುದಿಲ್ಲ, ತೂಕಕ್ಕೆ ಬೆಲೆಯೂ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು. ಎಲ್ಲ ಕಲಸಿ ಒಂದೇ ಮೂಟೆಯಲ್ಲಿ ಕೊಟ್ಟರೆ ಕಬ್ಬಿಣದ ಬೆಲೆಗೇ ಹೋಗುತ್ತದೆ. ನಮ್ಮ ಮನೆಯ ಒಂದು ಮೂಟೆ ಬಿಡಿಸಿ ಕೊಟ್ಟದ್ದರಿಂದ, ಆ ಇಬ್ಬರು ಕೆಲಸದವರಿಗೆ ಕೊಟ್ಟ ಕೂಲಿ ವಾಪಸ್ ಬಂತು ಅನ್ನಬಹುದು. ಚೌಕಾಸಿ ಹೇಗೆ ಮಾಡಿದೆ ಅನ್ನುವುದು ನನ್ನ ಬಳಿಯೇ ಇರಲಿ.

ಕಾಗದಗಳು. ಇದು ನನ್ನನ್ನು ಹೆದರಿಸಿದಷ್ಟು ಬೇರೆ ಯಾವುದೂ ಹೆದರಿಸಲಿಲ್ಲ. ಎಣಿಸಲು ಹೋಗದೆ ತೂಗಿದೆ. ಸಾಮಾನ್ಯ 80 ಜಿಎಸ್ಎಂ (ಅಂದರೆ ಚದರ ಮೀಟರಿಗೆ 80 ಗ್ರಾಂ) ಎ4 ಹಾಳೆ ಒಂದಕ್ಕೆ 5 ಗ್ರಾಂ, ಅಂದರೆ ಕಿಲೋಗೆ 200. ನಮ್ಮ ಫೈಲುಗಳು 30 ಕಿಲೋ ಹತ್ತಿರ ಇದ್ದವು, ಹತ್ತಿರ ಹತ್ತಿರ 6000 ಹಾಳೆ. ಹಾಳೆಗೆ 10 ಸೆಕೆಂಡು ಅಂದರೂ 16-17 ಗಂಟೆ. ದಿನಕ್ಕೆ ಅರ್ಧ ಗಂಟೆ ಕೂತರೆ ಒಂದು ತಿಂಗಳ ಮೇಲೆ ಕೆಲವು ದಿನ. ಈ ಲೆಕ್ಕ ಸಿಕ್ಕ ಮೇಲೆ ಹೆದರಿಕೆ ಹೋಯಿತು. ಮುಗಿಯದ ಗುಡ್ಡ ಅನ್ನಿಸುತ್ತಿದ್ದದ್ದಕ್ಕೆ ಒಂದು ತಾರೀಖು ಸಿಕ್ಕಿತಲ್ಲ. ಅಂದಹಾಗೆ ಅಂಗಡಿ ಬಿಲ್ಲುಗಳನ್ನು ನೋಡಿದರೆ ಅರ್ಧದಷ್ಟು ಬರೀ ಬಿಳಿ ಹಾಳೆ. ಬಿಲ್ ಮೆಷಿನ್ನು ಶಾಯಿಯಿಲ್ಲದೆ ಶಾಖದಿಂದಲೇ ಅಚ್ಚು ಹಾಕುವ ಥರ್ಮಲ್ ಪೇಪರಿನ ಅಕ್ಷರ ಶಾಖಕ್ಕೆ, ಬೆಳಕಿಗೆ ಅಳಿಸಿಹೋಗುತ್ತದೆ. ಗ್ಯಾರಂಟಿ ಬಿಲ್ಲನ್ನು ಕೊಂಡ ದಿನವೇ ಫೋಟೋ ತೆಗೆದಿಟ್ಟುಕೊಳ್ಳಿ.

ಫೋಟೋಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದೆ. 4x6 ಇಂಚಿನದ್ದು 2400x3600 ಪಿಕ್ಸೆಲ್ ಬರುತ್ತದೆ, ಮನೆಗೆ ಸಾಕು. ಒಂದಕ್ಕೊಂದು ಅಂಟಿಕೊಂಡಿದ್ದ ಸ್ಟುಡಿಯೋ ಕಾಲದ ಕೆಲವನ್ನು ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿದೆ. ಜಾಸ್ತಿ ಬಿಟ್ಟುಕೊಂಡವು, ಒಂದೆರಡು ಹರಿದವು. ಮೊದಲು ಬೇಡದ ಫೋಟೋ ಮೇಲೆ ನೋಡಿಕೊಳ್ಳಿ. ಇಂಕ್‌ಜೆಟ್ ಪ್ರಿಂಟಿಗೆ ಇದನ್ನು ಮಾಡಲೇಬೇಡಿ, ಶಾಯಿ ಹರಡುತ್ತದೆ.

ಮನೆಯವರೆಲ್ಲ ನಕ್ಕ ಪ್ರಯೋಗವೆಂದರೆ ಫ್ರೀಜರಿನಲ್ಲಿ ಪುಸ್ತಕ. ಅಜ್ಜನ ಪುಸ್ತಕಗಳಿಗೆ ಹುಳ ಹಿಡಿದಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಟ್ಟೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಪುಟಗಳ ಮೇಲೆ ನೀರು ಕೂರುತ್ತದೆ. ಅಮ್ಮ ಫ್ರೀಜರ್ ತೆರೆದಾಗೆಲ್ಲ ಬೈದರು. ಹುಳ ಮಾತ್ರ ಮತ್ತೆ ಕಂಡಿಲ್ಲ. ಪುಸ್ತಕಗಳನ್ನು ಈಗ ರಟ್ಟಿನ ಡಬ್ಬದಲ್ಲಿ ಇಡುವುದಿಲ್ಲ, ರಟ್ಟಿನ ಅಂಟು ಬೆಳ್ಳಿಮೀನು (ಸಿಲ್ವರ್‌ಫಿಶ್) ಅನ್ನುವ ಹುಳಕ್ಕೆ ಊಟ.

ಡ್ರಾಗಳಲ್ಲಿ ಸಿಗುವ ಹಳೇ ಮೊಬೈಲುಗಳ ಬಗ್ಗೆ ಒಂದು ಮಾತು. ಬ್ಯಾಟರಿ ಊದಿಕೊಂಡಿದ್ದರೆ ಒತ್ತಬೇಡಿ, ಚಾರ್ಜ್ ಹಾಕಿ ನೋಡಬೇಡಿ, ಕಸದ ಬುಟ್ಟಿಗೂ ಬೇಡ, ಬೆಂಕಿ ಹತ್ತಿಕೊಳ್ಳಬಹುದು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಅದಕ್ಕೆ ಗಡುವು ಗಿಡುವು ಏನೂ ಇಲ್ಲ, ಅವತ್ತೇ.

ಚೀಟಿಯನ್ನು ದಾರದಲ್ಲೇ ಕಟ್ಟಿ. ಸ್ಟಿಕ್ಕರ್ ಅಂಟಿಸಿದರೆ ಮರದ ಮೇಲೆ, ಬಟ್ಟೆಯ ಮೇಲೆ ಗೋಂದು ಉಳಿಯುತ್ತದೆ, ಆಮೇಲೆ ಅದನ್ನು ಉಜ್ಜುವ ಕೆಲಸ ಬೇರೆ. ತಾರೀಖನ್ನು ಮೊಬೈಲಿನಲ್ಲೂ ರಿಮೈಂಡರ್ ಹಾಕಿಕೊಳ್ಳಿ. ಗಡುವಿನ ದಿನ ಚೀಟಿ ಓದಬಹುದು, ಡಬ್ಬ ಮಾತ್ರ ಬಿಚ್ಚಿ ನೋಡಬಾರದು. ಬಿಚ್ಚಿದಿರೋ, ಎಲ್ಲ ಕಥೆಗಳೂ ಮತ್ತೆ ಶುರು.

ಕಳೆದ ತಿಂಗಳು ಅಕ್ಕ ಫೋನ್ ಮಾಡಿ "ಆ ಕೆಂಪು ಚೀಟಿ ಎಷ್ಟು ಉಳಿದಿದೆ?" ಅಂತ ಕೇಳಿದಳು. ಒಂದು ಕಟ್ಟು ಕಳಿಸಿದೆ. ಆದರೆ ಅವಳು ಮೂರು ತಿಂಗಳು ಜಾಸ್ತಿಯಾಯಿತು, ಒಂದೇ ತಿಂಗಳು ಸಾಕು ಅನ್ನುತ್ತಿದ್ದಾಳೆ. ಭಾವನ ಸಾಮಾನಿಗೆ ಹದಿನೈದೇ ದಿನವಂತೆ. ಅಷ್ಟು ಕಮ್ಮಿ ಮಾಡಿದರೆ ಜನ ಹೆದರಿ ಎಲ್ಲವನ್ನೂ ಬಿಚ್ಚಿಕೊಂಡು ಹೋಗುತ್ತಾರೆ ಅಂತ ನಾನು ಹೇಳಿದೆ. ಅವಳು ಕೇಳಲಿಲ್ಲ.