ಕಟ್ಟಲು ಯಾವ ಉಗಿಬಂಡಿ? ನನ್ನ ಆಯ್ಕೆಯ ಅನುಭವ

ಮೀಟರ್ ಗೇಜ್ ಹಳಿಯ ಮೇಲೆ ಓಡುತ್ತಿದ್ದ ವೈಪಿ ಎಂಬ ಉಗಿ ಇಂಜಿನ್‌ಗಳನ್ನು ನೋಡುತ್ತ ಬೆಳೆದ ನಾನು ಇಂಗ್ಲೆಂಡಿಗೆ ಬಂದು ನೆಲೆಸಿ, ಮನೆಯ ಹಿಂದಿನ ಶೆಡ್ಡಿನಲ್ಲಿ ಲೋಹ ಕಡೆಯುವ ಹಳೆಯದೊಂದು ಮೈಫರ್ಡ್ ಲೇತ್ ಕೂರಿಸಿಕೊಂಡಾಗ, ಏನು ಕಟ್ಟಬೇಕೆಂಬ ಬಗ್ಗೆ ಅನುಮಾನವೇ ಇರಲಿಲ್ಲ. ಕಲ್ಲಿದ್ದಲು ಉರಿಸಿ, ನಿಜವಾದ ಉಗಿಯಿಂದಲೇ ಓಡುವ, ಹಿಂದೆ ಕುಳಿತವರನ್ನು ಎಳೆದೊಯ್ಯಬಲ್ಲ ಒಂದು ಚಿಕ್ಕ ವೈಪಿ ನನ್ನ ಕಣ್ಣ ಮುಂದಿತ್ತು. ಆ ನಿಶ್ಚಯ ಒಂದೇ ಸಂಜೆಯ ಲೆಕ್ಕಾಚಾರದಲ್ಲಿ ಕರಗಿಹೋಯಿತು.

ಚಿಕ್ಕ ಉಗಿಬಂಡಿ ಕಟ್ಟುವ ಇಲ್ಲಿನ ಹವ್ಯಾಸಿಗಳ ಹಳಿಗಳು ಸಾಮಾನ್ಯವಾಗಿ ಮೂರೂವರೆ, ಐದು ಅಥವಾ ಏಳೂಕಾಲು ಅಂಗುಲ ಅಗಲದವು. ಬ್ರಿಟನ್ನಿನ ಸ್ಟ್ಯಾಂಡರ್ಡ್ ಗೇಜ್ ಇಂಜಿನ್ನನ್ನು ಐದು ಅಂಗುಲದ ಹಳಿಗೆ ಇಳಿಸಿದರೆ ಅದು ಮೂಲದ ಸುಮಾರು ಹನ್ನೊಂದನೆಯ ಒಂದು ಪಾಲಾಗುತ್ತದೆ. ಆದರೆ ಮೀಟರ್ ಗೇಜಿನ ಹಳಿಯೇ ಕಿರಿದಾದ್ದರಿಂದ, ಅದೇ ಐದು ಅಂಗುಲಕ್ಕೆ ವೈಪಿಯನ್ನು ಕಟ್ಟಿದರೆ ಎಂಟನೆಯ ಒಂದು ಪಾಲಿನಷ್ಟು ದೊಡ್ಡದಾಗುತ್ತದೆ: ಟೆಂಡರ್ (ಕಲ್ಲಿದ್ದಲು, ನೀರು ಹೊರುವ ಹಿಂದಿನ ಬಂಡಿ) ಸೇರಿ ಸುಮಾರು 19 ಮೀಟರ್ ಉದ್ದದ ಆ ಇಂಜಿನ್ 2.4 ಮೀಟರ್ ಆಗಿ ನಿಲ್ಲುತ್ತದೆ. ನನ್ನ ಶೆಡ್ಡಿನ ಉದ್ದವೇ ಮೂರು ಮೀಟರ್! ಮೂರೂವರೆ ಅಂಗುಲಕ್ಕೆ ಇಳಿಸಿದರೂ 1.7 ಮೀಟರ್ ಉಳಿಯುತ್ತದೆ. ಅದರ ಮೇಲೆ, ಗಾಲಿ, ಸಿಲಿಂಡರ್‌ಗಳ ಎರಕಕ್ಕೆ ಬೇಕಾದ ಮರದ ಅಚ್ಚುಗಳನ್ನು ನಾನೇ ಮೊದಲಿನಿಂದ ಮಾಡಿಕೊಳ್ಳಬೇಕಿತ್ತು.

ಹಾಗಾದರೆ ತೀರ ಚಿಕ್ಕದನ್ನೇ ಕಟ್ಟೋಣವೆಂದು ಮನಸ್ಸು ಇನ್ನೊಂದು ತುದಿಗೆ ಹಾರಿತು. ಎಲ್‌ಬಿಎಸ್‌ಸಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ವಿನ್ಯಾಸಕಾರರು ಹೊಸಬರಿಗೆಂದೇ ರೂಪಿಸಿದ, ಮೂರೂವರೆ ಅಂಗುಲದ ಹಳಿಯ, ನಾಲ್ಕೇ ಗಾಲಿಗಳ 'ಟಿಚ್' ನನ್ನನ್ನು ಬಹಳ ದಿನ ಕಾಡಿತು. ಕಬ್ಬಿಣ ಕಡಿಮೆ, ತಾಮ್ರ ಕಡಿಮೆ, ಖರ್ಚೂ ಕಡಿಮೆ. ಆದರೆ ಚಿಕ್ಕದು ಸುಲಭವೆಂಬ ನಮ್ಮ ಎಣಿಕೆ ಉಗಿಯ ವಿಷಯದಲ್ಲಿ ತಲೆಕೆಳಗಾಗುತ್ತದೆ. ಉದ್ದವನ್ನು ಅರ್ಧ ಮಾಡಿದರೆ ಒಲೆಯ ತಳ ಕಾಲು ಭಾಗಕ್ಕೂ ಬಾಯ್ಲರಿನೊಳಗಿನ ನೀರು ಎಂಟನೆಯ ಒಂದು ಭಾಗಕ್ಕೂ ಇಳಿಯುತ್ತದೆ. ಹೀಗಾಗಿ ಅಂಗೈಯಗಲದ ಬೆಂಕಿ ಗಮನ ಕೊಂಚ ತಪ್ಪಿದರೂ ಮಂಕಾಗುತ್ತದೆ, ಗಾಜಿನ ನಳಿಗೆಯಲ್ಲಿ ಕಾಣುವ ನೀರಿನ ಮಟ್ಟ ನೋಡನೋಡುತ್ತಲೇ ಕೆಳಗಿಳಿಯುತ್ತದೆ. ಟಿಚ್ಚನ್ನು ಚೆನ್ನಾಗಿ ಓಡಿಸುವವರನ್ನು ನಾನು ಕಂಡಿದ್ದೇನೆ, ಆದರೆ ಅವರಾರೂ ಹೊಸಬರಲ್ಲ.

ಈ ನಡುವೆ, ಅರ್ಧ ಕಟ್ಟಿದ್ದ ಇಂಜಿನ್ನೊಂದು ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡು ಕೈಸುಟ್ಟುಕೊಂಡೆ. ಬಾಯ್ಲರ್ ನೋಡಲು ಸೊಗಸಾಗಿತ್ತು, ಆದರೆ ಯಾರು ಬೆಸೆದರು, ಯಾವ ನಕ್ಷೆಯಂತೆ ಬೆಸೆದರು ಎನ್ನುವುದಕ್ಕೆ ಕಾಗದವಿರಲಿಲ್ಲ. ನಮ್ಮ ಹವ್ಯಾಸಿ ಕ್ಲಬ್ಬಿನ ಬಾಯ್ಲರ್ ಪರೀಕ್ಷಕರು ಅದನ್ನು ಮುಟ್ಟಲೂ ಒಪ್ಪಲಿಲ್ಲ. ಚದರ ಅಂಗುಲಕ್ಕೆ 80 ಪೌಂಡ್ ಒತ್ತಡದಲ್ಲಿ ಕೆಲಸ ಮಾಡುವ ಹೊಸ ಬಾಯ್ಲರನ್ನು ಇಲ್ಲಿ ಮೊದಲ ಸಲ ತಣ್ಣೀರು ತುಂಬಿಸಿ ಅದರ ಎರಡರಷ್ಟು, ಅಂದರೆ 160 ಪೌಂಡ್ ಒತ್ತಡಕ್ಕೆ ಒಡ್ಡಿ ನೋಡುತ್ತಾರೆ. ಅಂದಿನಿಂದ ನಾನು ಇಂಜಿನ್ನಿನ ಅಂದ ನೋಡುವುದನ್ನು ಬಿಟ್ಟು, ಮೊದಲು ಬಾಯ್ಲರಿನ ನಕ್ಷೆಯನ್ನು ಬಿಡಿಸಿ ಕೂರತೊಡಗಿದೆ.

ಕೊನೆಗೆ ಆರಿಸಿಕೊಂಡದ್ದು ಮಾರ್ಟಿನ್ ಇವಾನ್ಸ್ ವಿನ್ಯಾಸದ 'ಸಿಂಪ್ಲೆಕ್ಸ್': ಐದು ಅಂಗುಲದ ಹಳಿ, ಆರು ಗಾಲಿ, ಟೆಂಡರಿಲ್ಲದೆ ಎರಡು ಪಕ್ಕಗಳಲ್ಲೂ ನೀರಿನ ತೊಟ್ಟಿ. ಅದು ನಿಜವಾದ ಯಾವುದೇ ರೈಲ್ವೆಯ ಇಂಜಿನ್ನಿನ ಪ್ರತಿಕೃತಿಯಲ್ಲ ಎಂಬ ಕೊರಗು ನನಗೆ ಕೆಲಕಾಲ ಇತ್ತು. ಆದರೆ ಸಿಲಿಂಡರ್‌ಗಳೂ ಉಗಿಯನ್ನು ಒಳಬಿಡುವ ವಾಲ್‌ಷಾರ್ಟ್ಸ್ ಗೇರಿನ ಸರಳುಗಳೂ ಚೌಕಟ್ಟಿನ ಹೊರಗೇ ಇರುವುದರಿಂದ, ತಪ್ಪು ಕಣ್ಣಿಗೆ ಬೀಳುತ್ತದೆ ಮತ್ತು ತಿದ್ದಲು ಕೈ ತಲುಪುತ್ತದೆ. ಗಾಲಿಗಳು ನನ್ನ ಲೇತಿನಲ್ಲಿ ಆರಾಮವಾಗಿ ತಿರುಗುತ್ತವೆ. ಎರಕಗಳು ಸಿದ್ಧವಾಗಿಯೇ ಸಿಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಇದನ್ನೇ ಕಟ್ಟಿ ಮುಗಿಸಿದ ಇಬ್ಬರು ನಮ್ಮ ಕ್ಲಬ್ಬಿನಲ್ಲೇ ಇದ್ದರು. ನಕ್ಷೆ ಅರ್ಥವಾಗದ ಕಡೆ ಅವರ ಇಂಜಿನ್ನಿನ ಕೆಳಗೆ ತಲೆತೂರಿಸಿ ನೋಡಬಹುದಿತ್ತು.

ಬಾಯ್ಲರನ್ನು ಮಾತ್ರ ನಾನು ಕಟ್ಟಲಿಲ್ಲ. ತಾಮ್ರವು ಶಾಖವನ್ನು ಎಲ್ಲೆಡೆಗೂ ಹಂಚಿಬಿಡುವುದರಿಂದ, 650 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುವ ಬೆಳ್ಳಿಯ ಬೆಸುಗೆ ಹರಿಯಬೇಕಾದರೆ ಇಡೀ ಬಾಯ್ಲರನ್ನೇ ಕಾಯಿಸಬೇಕು. ಅದಕ್ಕೆ ದೊಡ್ಡ ಪ್ರೊಪೇನ್ ಬರ್ನರ್ ಬೇಕು, ಇನ್ನೊಂದು ಬರ್ನರ್ ಹಿಡಿಯಲು ಜೊತೆಗೊಬ್ಬರು ಬೇಕು. ವೃತ್ತಿಪರರಿಂದ ಪ್ರಮಾಣಪತ್ರದೊಂದಿಗೆ ಕೊಂಡೆ. ಇಡೀ ಯೋಜನೆಯಲ್ಲಿ ಅತಿ ದೊಡ್ಡ ಖರ್ಚು ಅದೇ ಆಯಿತು, ಅದರ ಬಗ್ಗೆ ಪಶ್ಚಾತ್ತಾಪವಿಲ್ಲ.

ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ತೂಕ. ಬಿಡಿಬಿಡಿಯಾಗಿ ಶೆಡ್ಡಿನೊಳಗೆ ಹೋದದ್ದು, ಒಂದಾಗಿ ಹೊರಗೆ ಬರಬೇಕಾದಾಗ ಒಬ್ಬನಿಂದ ಎತ್ತಲಾಗಲಿಲ್ಲ. ಇಂಜಿನ್ ಓಡಲು ಸಿದ್ಧವಾದ ಮೇಲೂ, ಅದನ್ನು ಕಾರಿನ ಡಿಕ್ಕಿಯ ಎತ್ತರಕ್ಕೆ ಏರಿಸಬಲ್ಲ ತಳ್ಳುಬಂಡಿಯೊಂದನ್ನು ಕಟ್ಟುವುದರಲ್ಲಿ ಇನ್ನೊಂದು ಚಳಿಗಾಲ ಕಳೆಯಿತು.