ಏಪ್ರಿಲ್ 24ರ ಬಿಸಿಲಿಗೆ ನಾನು ಕಟ್ಟುವ ಚೀಲ

ಡಾ. ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24ರಂದು. ಆ ತಾರೀಖನ್ನು ನಾವು ಬದಲಿಸೋಕೆ ಆಗಲ್ಲ, ಕಲಬುರಗಿ ಬಿಸಿಲನ್ನೂ ಬದಲಿಸೋಕೆ ಆಗಲ್ಲ. ಏಪ್ರಿಲ್ ಕೊನೆಗೆ ನಮ್ಮಲ್ಲಿ 41, 42 ಡಿಗ್ರಿ ಅಂದ್ರೆ ಯಾರೂ ಹುಬ್ಬೇರಿಸಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಬಾಗಿಲು ಹಾಕುತ್ತವೆ. ಅಣ್ಣಾವ್ರ ಹುಟ್ಟುಹಬ್ಬಕ್ಕೆ ಸೇರುವ ನಮ್ಮ ಅಭಿಮಾನಿಗಳ ಸಮಾವೇಶ ಮಾತ್ರ ಕಚೇರಿ ಮುಚ್ಚೋ ಹೊತ್ತಿಗೇ ರಂಗೇರುತ್ತದೆ.

ಬೆಳಿಗ್ಗೆ ರಕ್ತದಾನ, ಆಮೇಲೆ ಮೆರವಣಿಗೆ, ಮಧ್ಯಾಹ್ನ ಮೈದಾನದಲ್ಲಿ ಭಾಷಣ, ಸನ್ಮಾನ, ಸಂಜೆ ರಸಮಂಜರಿ. ಸೇಡಂ, ಚಿತ್ತಾಪುರ, ಜೇವರ್ಗಿ, ಆಳಂದ ಕಡೆಯಿಂದ ಟೆಂಪೋ ತುಂಬಿಕೊಂಡು ಜನ ಬರುತ್ತಾರೆ. ನಾನು ಹೊಲಿಗೆ ಕೆಲಸದವಳು. ನಮ್ಮ ಬಳಗದಲ್ಲಿ ಬಾವುಟ ಹೊಲಿಯುವ ಕೆಲಸದಿಂದ ಶುರುವಾಗಿ, ಈಗ ಸಾಮಾನು ಕಟ್ಟುವ ಜವಾಬ್ದಾರಿ ಪೂರ್ತಿ ನನ್ನ ಮೇಲೇ ಬಿದ್ದಿದೆ.

ಸಾಮಾನಿನ ಪಟ್ಟಿ ಯಾರು ಬೇಕಾದರೂ ಬರೆಯಬಹುದು. ನೀರು, ಟೋಪಿ, ಗ್ಲೂಕೋಸ್ ಅಂತ. ಆದರೆ ಗದ್ದಲದಲ್ಲಿ ಚೀಲ ಬಿಚ್ಚೋಕೆ ಜಾಗ ಇರಲ್ಲ. ಮುಂದೆ ಡೊಳ್ಳು, ಹಿಂದೆ ನೂಕುನುಗ್ಗಲು, ಬಗ್ಗಿದರೆ ಮೇಲೆ ಬೀಳ್ತಾರೆ. ಬೆನ್ನಿನ ಚೀಲದಲ್ಲಿ ಎಷ್ಟೇ ಒಳ್ಳೆಯ ಸಾಮಾನಿದ್ದರೂ ಆ ಹೊತ್ತಿಗೆ ಅದು ಮನೆಯಲ್ಲಿ ಇದ್ದ ಲೆಕ್ಕ. ಅದಕ್ಕೇ ನಾನು ಸಾಮಾನನ್ನು ಎರಡು ಭಾಗ ಮಾಡುತ್ತೇನೆ. ಮೈ ಮೇಲೆ ಇರಬೇಕಾದದ್ದು ಒಂದು, ಗಾಡಿಯಲ್ಲಿ ಇರಬೇಕಾದದ್ದು ಇನ್ನೊಂದು. ಬೆನ್ನಿಗೆ ಏನೂ ಬೇಡ. ಬೆನ್ನಿಗೆ ಚೀಲ ಹಾಕಿದರೆ ಬೆವರು ಆರಲ್ಲ, ಹಿಂದಿನವರಿಗೂ ತೊಂದರೆ.

ಮೈ ಮೇಲೆ ಮೊದಲು ಬರೋದು ಟವೆಲ್. ಸ್ನಾನದ ದಪ್ಪ ಟವೆಲ್ ಅಲ್ಲ, ಹೊಲಕ್ಕೆ ಹೋಗೋರು ತಲೆಗೆ ಸುತ್ತುತ್ತಾರಲ್ವಾ, ಆ ತೆಳ್ಳನೆಯ ಕಾಟನ್ ಟವೆಲ್. ನೀರಲ್ಲಿ ಅದ್ದಿ, ಹಿಂಡಿ, ತಲೆ ಮೇಲಿಂದ ಕುತ್ತಿಗೆಗೆ ಬರುವ ಹಾಗೆ ಹಾಕಿಕೊಳ್ಳಬೇಕು. ನಮ್ಮ ಕಡೆ ಗಾಳಿ ಒಣ. ಬಟ್ಟೆಯ ನೀರು ಬೇಗ ಆರುತ್ತದೆ, ಆರುವಾಗ ಮೈಯ ಬಿಸಿಯನ್ನೂ ತೆಗೆದುಕೊಂಡು ಹೋಗುತ್ತದೆ. ಕರಾವಳಿಯಲ್ಲಿ ಇದೇ ಉಪಾಯ ಇಷ್ಟು ಕೆಲಸ ಮಾಡಲ್ಲ, ಅಲ್ಲಿ ಗಾಳಿಯಲ್ಲೇ ತೇವ ಇರುತ್ತದೆ. ಇದೇ ಒಣ ಗಾಳಿಯಿಂದ ಒಂದು ಮೋಸವೂ ಇದೆ. ಬೆವರು ಬಂದದ್ದೇ ಗೊತ್ತಾಗದ ಹಾಗೆ ಆರಿಹೋಗುತ್ತದೆ. ನಾನೇನೂ ಬೆವರಿಲ್ಲ, ನೀರು ಯಾಕೆ ಅನ್ನೋ ಹುಡುಗರಿಗೆ ಅವರ ಅಂಗಿ ಬೆನ್ನನ್ನೇ ತೋರಿಸುತ್ತೇನೆ. ಕಪ್ಪು ಅಂಗಿ ಮೇಲೆ ಬಿಳಿ ಉಪ್ಪಿನ ಗೆರೆ ಎದ್ದು ಕಾಣುತ್ತಿರುತ್ತದೆ.

ಎರಡನೆಯದು ಎದೆಗೆ ಅಡ್ಡ ಹಾಕುವ ಸಣ್ಣ ಸಂಚಿ. ಪ್ಯಾಂಟಿನ ಕಿಸೆಗೆ ಹಾಕುವ ಗಟ್ಟಿ ಕಾಟನ್ ತುಂಡು ಅಂಗಡಿಯಲ್ಲಿ ಉಳಿದಿರುತ್ತದೆ, ಅದರಲ್ಲೇ ಹೊಲಿಯುತ್ತೇನೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಪಟ್ಟಿ ಎರಡು ಬೆರಳು ಅಗಲ. ಪಟ್ಟಿ ಸಣ್ಣದಾದರೆ ಬೆವರಿಗೆ ಕುತ್ತಿಗೆ ಕೊರೆಯುತ್ತದೆ. ಜಿಪ್ ಹಾಕಲ್ಲ. ಬೆವರ ಕೈಗೆ ಜಿಪ್ಪಿನ ತುದಿ ಸಿಗಲ್ಲ, ಇನ್ನೊಂದು ಕೈಯಲ್ಲಿ ಬಾವುಟ ಇರುತ್ತದೆ. ಅದಕ್ಕೆ ಲಾಡಿ. ಎಳೆದರೆ ಬಾಯಿ ಮುಚ್ಚುತ್ತದೆ, ಎರಡು ಬೆರಳು ತೂರಿಸಿದರೆ ತೆರೆಯುತ್ತದೆ. ನಡುವೆ ಒಂದು ಹೊಲಿಗೆ ಎಳೆದು ಎರಡು ಖಾನೆ ಮಾಡುತ್ತೇನೆ. ಒಂದರಲ್ಲಿ ಒಆರ್‌ಎಸ್ (ನೀರಲ್ಲಿ ಕಲಸಿ ಕುಡಿಯುವ ಉಪ್ಪು, ಸಕ್ಕರೆಯ ಪುಡಿ) ಪ್ಯಾಕೆಟ್, ಮತ್ತೆ ಹೆಸರು, ರಕ್ತದ ಗುಂಪು, ಮನೆಯವರ ನಂಬರ್ ಬರೆದ ಚೀಟಿ. ಇನ್ನೊಂದರಲ್ಲಿ ಹತ್ತು, ಇಪ್ಪತ್ತರ ನೋಟು. ಅಷ್ಟು ಜನ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಸಿಗಲ್ಲ. ಕಬ್ಬಿನ ಹಾಲಿನವನ ಮುಂದೆ ನಿಂತು ಸ್ಕ್ಯಾನ್ ಮಾಡಿದರೆ ಚಕ್ರ ತಿರುಗ್ತಾನೇ ಇರುತ್ತದೆ.

ಒಆರ್‌ಎಸ್ ಬಗ್ಗೆ ಸ್ವಲ್ಪ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ. ಅರ್ಧ ಬಾಟಲಿಗೆ ಸುರಿದು ಕುಡಿಯೋದು, ಪುಡಿಯನ್ನೇ ಬಾಯಿಗೆ ಹಾಕಿಕೊಳ್ಳೋದು ಎರಡೂ ತಪ್ಪು. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಇದಕ್ಕೆ ಬದಲಿ ಅಲ್ಲ. 2025ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಅಂಥವುಗಳ ಹೆಸರಲ್ಲಿ ಒಆರ್‌ಎಸ್ ಅಂತ ಹಾಕಬಾರದು ಅಂತ ಹೇಳಿತು. ಪ್ಯಾಕೆಟ್ ಇಲ್ಲವಾ? ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ನೀರಿನ ಬಾಟಲಿಗೆ ಪಟ್ಟಿ ಇರಬೇಕು, ಹೆಗಲಿಗೆ ನೇತಾಡಬೇಕು. ಅದರ ಮೇಲೆ ಹಳೇ ಕಾಟನ್ ಸಾಕ್ಸ್ ಎಳೆದು ಒದ್ದೆ ಮಾಡಿದರೆ ನೀರು ಕಾಯಲ್ಲ. ನೋಡೋಕೆ ಚೆನ್ನಾಗಿರಲ್ಲ ಅಂತ ಹುಡುಗರು ನಗ್ತಾರೆ. ನಗಲಿ.

ಇನ್ನು ಅಣ್ಣಾವ್ರ ಚಿತ್ರದ ಟೀ ಶರ್ಟ್. ಎದೆ ತುಂಬ ದಪ್ಪ ಪ್ರಿಂಟ್ ಹಾಕಿಸಿದರೆ ಆ ಜಾಗದಲ್ಲಿ ಗಾಳಿಯೇ ಆಡಲ್ಲ, ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡ ಹಾಗೆ. ಬಟ್ಟೆಯೂ ಪಾಲಿಯೆಸ್ಟರ್ ಇದ್ದರೆ ಮುಗೀತು. ನಾನು ಬಿಳಿ ಕಾಟನ್ ಬಟ್ಟೆ, ಒಂದು ಸೈಜು ದೊಡ್ಡದು, ಜೇಬಿನ ಮೇಲೆ ಸಣ್ಣ ಚಿತ್ರ ಅಂತ ಹಟ ಹಿಡಿದೆ. ಮೊದಲು ಗೊಣಗಿದರು. ಈಗ ಬೇರೆ ತಾಲೂಕಿನವರೂ ಅದೇ ಕೇಳುತ್ತಾರೆ. ಮುಖಕ್ಕೆ ಕೆಂಪು, ಹಳದಿ ಬಣ್ಣ ಬಳಿಯೋದಂತೂ ಸಂಜೆಗೆ ಇಟ್ಟುಕೊಳ್ಳಿ. ಬೆವರಿನ ಜೊತೆ ಕಣ್ಣಿಗೆ ಇಳಿದರೆ ಉರಿ ತಡೆಯೋಕಾಗಲ್ಲ. ಛತ್ರಿಯೂ ಮೆರವಣಿಗೆಗೆ ಬೇಡ, ಪಕ್ಕದವರ ಕಣ್ಣಿಗೆ ಕಡ್ಡಿ ಚುಚ್ಚುತ್ತದೆ. ಕುಂತಾಗ ಬಿಚ್ಚಿ.

ಹೆಣ್ಣುಮಕ್ಕಳ ವಿಷಯ ಬೇರೆ. ಅವರು ಬೇಕಂತಲೇ ನೀರು ಕುಡಿಯಲ್ಲ. "ಅಕ್ಕಾ, ನೀರ್ ಕುಡದ್ರ ಆಮ್ಯಾಲ ಎಲ್ಲಿಗಿ ಹೋಗ್ಬೇಕ್ರಿ?" ಅಂತ ಚಿತ್ತಾಪುರದಿಂದ ಬಂದ ಹುಡುಗಿ ಒಬ್ಬಳು ನೇರವಾಗೇ ಕೇಳಿದ್ದಳು. ಅದಕ್ಕೆ ಉತ್ತರ ಇಲ್ಲದೆ ನೀರು ಕುಡಿಯಮ್ಮಾ ಅಂತ ಸುಮ್ನೆ ಹೇಳಿ ಏನು ಉಪಯೋಗ? ಹಿಂದಿನ ದಿನ ಮೆರವಣಿಗೆ ದಾರಿಯಲ್ಲಿ ನಡೆದು ಹೋಗಿ ಶೌಚಾಲಯ ಎಲ್ಲೆಲ್ಲಿದೆ, ಯಾವುದಕ್ಕೆ ಬೀಗ, ಯಾವುದರಲ್ಲಿ ನೀರು ಬರುತ್ತದೆ ಅಂತ ನೋಡಿಕೊಂಡು ಬರುತ್ತೇನೆ. ಪರಿಚಯದ ಮನೆ ಇದ್ದರೆ ಮೊದಲೇ ಕೇಳಿಟ್ಟಿರುತ್ತೇನೆ. ಹೆಣ್ಣುಮಕ್ಕಳ ಸಂಚಿಯಲ್ಲಿ ಚಿಲ್ಲರೆ, ಪೇಪರ್ ಸೋಪು, ಪ್ಯಾಡು ಜಾಸ್ತಿ ಇರುತ್ತವೆ. ಇಷ್ಟು ಮಾಡಿದ ಮೇಲೆ ಬಾಟಲಿಗಳು ತಾವಾಗೇ ಖಾಲಿಯಾಗತೊಡಗಿದವು.

ರಕ್ತ ಕೊಟ್ಟವರ ಮೇಲೆ ಬೇರೆಯೇ ಕಣ್ಣಿಡಬೇಕು. 2006ರಲ್ಲಿ ಅಣ್ಣಾವ್ರು ತೀರಿಕೊಂಡಾಗ ಅವರ ಕಣ್ಣು ದಾನವಾಯಿತಲ್ಲ, ಅದರ ನೆನಪಿಗೆ ನೇತ್ರದಾನದ ಅರ್ಜಿ ಜೊತೆಗೆ ರಕ್ತದಾನವನ್ನೂ ಇಟ್ಟಿರುತ್ತೇವೆ. ಒಬ್ಬರಿಂದ 350 ಇಲ್ಲವೇ 450 ಮಿಲಿ ತೆಗೆಯುತ್ತಾರೆ. ಅಷ್ಟು ಕೊಟ್ಟು ನೇರ ಬಿಸಿಲಲ್ಲಿ ಕುಣಿಯೋಕೆ ನಿಂತರೆ ತಲೆ ತಿರುಗಿ ಬೀಳ್ತಾರೆ. ಹಾಗಾಗಿ ರಕ್ತ ಕೊಟ್ಟವರ ಮುಂಗೈಗೆ ಹಸಿರು ಬಟ್ಟೆಯ ಪಟ್ಟಿ ಕಟ್ಟುತ್ತೇನೆ. ಹಳದಿ, ಕೆಂಪು ಕಟ್ಟಿದರೆ ಆ ದಿನ ಎಲ್ಲರ ಕೈಯಲ್ಲೂ ಅದೇ ಇರುತ್ತದೆ, ಗುರುತು ಸಿಗಲ್ಲ. ಹಸಿರು ಪಟ್ಟಿಯವರಿಗೆ ಬಾವುಟ ಕೊಡಂಗಿಲ್ಲ, ಡೊಳ್ಳು ಕೊಡಂಗಿಲ್ಲ. ಗಾಡಿ ಹತ್ತಿರ ನೆರಳಲ್ಲಿ ಕೂರಬೇಕು.

ಗಾಡಿ ಅಂದರೆ ನಮ್ಮ ಟೆಂಪೋ. ಬೇವಿನ ಮರ ನೋಡಿ ಬೆಳಿಗ್ಗೆಯೇ ನಿಲ್ಲಿಸಿಬಿಡುತ್ತೇವೆ. ಮೆರವಣಿಗೆಗೆ ಬರಲಾಗದ ಕಾಕಾ ಒಬ್ಬರು ಅಲ್ಲೇ ಕಾವಲು. ಒಂದು ಮಡಕೆ ನೀರು, ಒಂದು ಮಡಕೆ ಉಪ್ಪು ಹಾಕಿದ ತೆಳು ಮಜ್ಜಿಗೆ, ಜಮಖಾನೆ. ಜಮಖಾನೆ ಯಾಕೆ ಅಂದರೆ, ನಮ್ಮ ಊರಿನ ಕಟ್ಟೆಗಳೆಲ್ಲ ಶಹಾಬಾದ್ ಪರಸಿ ಕಲ್ಲಿನವು. ಮಧ್ಯಾಹ್ನ ಅದರ ಮೇಲೆ ಹಾಗೇ ಕುಂತರೆ ಕುಂಡಿ ಸುಡುತ್ತದೆ. ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಸೌತೆಕಾಯಿ, ಉಳ್ಳಾಗಡ್ಡಿ. ಚಿತ್ರಾನ್ನ ಕಟ್ಟಿಕೊಂಡು ಬಂದವರ ಡಬ್ಬಿ ಮಧ್ಯಾಹ್ನಕ್ಕೆ ವಾಸನೆ ಹೊಡೆಯುತ್ತದೆ. ಕಟಕ ರೊಟ್ಟಿ ಎರಡು ದಿನ ಇಟ್ಟರೂ ಹಾಗೇ ಇರುತ್ತದೆ. ಉಳ್ಳಾಗಡ್ಡಿ ಕಿಸೆಯಲ್ಲಿ ಇಟ್ಟುಕೊಂಡರೆ ಬಿಸಿಲು ಬಡಿಯಲ್ಲ ಅಂತ ಕಾಕಾ ಎಲ್ಲರಿಗೂ ಒಂದೊಂದು ಹಂಚುತ್ತಾರೆ. ಕಿಸೆಯಲ್ಲಿದ್ದರೆ ಏನೂ ಆಗಲ್ಲ, ರೊಟ್ಟಿ ಜೊತೆ ತಿಂದುಬಿಡಿ ಅಂತ ನಾನು ಹಿಂದಿನಿಂದ ಹೇಳುತ್ತಾ ಬರುತ್ತೇನೆ.

ಗಾಡಿಯಲ್ಲಿ ನನ್ನ ಅಂಗಡಿಯ ಸಾಮಾನೂ ಒಂದಿದೆ. ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಸ್ಪ್ರೇ ಬಾಟಲಿ. ಯಾರಿಗಾದರೂ ಬಿಸಿಲು ಬಡಿದರೆ ನೆರಳಿಗೆ ತಂದು ಮಲಗಿಸಿ, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸಿಂಪಡಿಸುತ್ತಾ ರಟ್ಟಿನಿಂದ ಗಾಳಿ ಹಾಕಬೇಕು. ಬಕೆಟ್ ನೀರು ಸುರಿದರೆ ಆಮೇಲೆ ಬಟ್ಟೆಯೂ ಜಮಖಾನೆಯೂ ಒದ್ದೆ, ಇದರಲ್ಲಿ ಸ್ವಲ್ಪ ನೀರೇ ಜಾಸ್ತಿ ಹೊತ್ತು ಬರುತ್ತದೆ. ಸುಸ್ತು, ತಲೆನೋವು ಇಷ್ಟಕ್ಕೆ ಈ ಉಪಚಾರ, ಒಆರ್‌ಎಸ್ ನೀರು ಸಾಕಾಗುತ್ತದೆ. ಮೈ ಕಾದ ಹೆಂಚಾಗಿ ಮಾತು ತಡವರಿಸುತ್ತಿದ್ದರೆ, ಕೇಳಿದ್ದಕ್ಕೆ ಏನೇನೋ ಹೇಳುತ್ತಿದ್ದರೆ ಕಾಯಬಾರದು. ಸಿಂಪಡಿಸುತ್ತಲೇ 108ಕ್ಕೆ ಫೋನ್ ಮಾಡಬೇಕು. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಉಸಿರಿನ ದಾರಿಗೆ ಹೋಗುತ್ತದೆ.

ಫೋನು ಬಿಸಿಲಲ್ಲಿ ಹಿಡಿದು ಲೈವ್ ಮಾಡಿದರೆ ಕಾದು ತಾನೇ ಆಫ್ ಆಗುತ್ತದೆ. ಸಂಚಿಯಲ್ಲಿ ಇಡಿ. ಪವರ್ ಬ್ಯಾಂಕ್ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ.

ಇಷ್ಟೆಲ್ಲ ಬಿಸಿಲಿನ ತಯಾರಿ. ಆದರೆ ಏಪ್ರಿಲ್ ಸಂಜೆ ನಮ್ಮಲ್ಲಿ ಇದ್ದಕ್ಕಿದ್ದಂತೆ ಗಾಳಿ, ಗುಡುಗು, ಆಲಿಕಲ್ಲೂ ಬರುತ್ತದೆ. ಶಾಮಿಯಾನ ಎದ್ದು ಹಾರುತ್ತದೆ, ಕಬ್ಬಿಣದ ಕಂಬ ಬೀಳುತ್ತದೆ. ಅದಕ್ಕೆ ಪ್ರತಿ ಸಂಚಿಯಲ್ಲೂ ಫೋನಿಗೆ ಒಂದು ಪ್ಲಾಸ್ಟಿಕ್ ಕವರ್ ಮಡಿಚಿ ಇಟ್ಟಿರುತ್ತೇನೆ. ಗುಡುಗು ಕೇಳಿದ ಕೂಡಲೇ ಬಾವುಟದ ಕೋಲು ಕೆಳಗಿಟ್ಟು, ಬೇವಿನ ಮರದ ಕೆಳಗಿನಿಂದ ಟೆಂಪೋವನ್ನು ಬಯಲಿಗೆ ತಂದು, ಎಲ್ಲರೂ ಒಳಗೆ ಹತ್ತಿ ಕಿಟಕಿ ಏರಿಸಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಇಳಿಯೋದು ಬೇಡ. ರಸಮಂಜರಿ ತಪ್ಪುತ್ತದೆ ಅಂತ ಹುಡುಗರು ಚಡಪಡಿಸುತ್ತಾರೆ. ಹಾಡೋರಿಗೂ ಕರೆಂಟ್ ಬರಬೇಕಲ್ವಾ, ಅಲ್ಲೀತನಕ ಉಳಿದ ರೊಟ್ಟಿ ಖಾಲಿ ಮಾಡಿ ಅನ್ನುತ್ತೇನೆ.