ಐದು ಕಂತಿನ ಆಟ ಮೂರಕ್ಕೆ ನಿಂತ ಬಗೆ

ಐದು ಕಂತುಗಳಲ್ಲಿ ಹೇಳಿ ಮುಗಿಸುತ್ತೇವೆಂದು ಹೊರಟ ಕಥಾಪ್ರಧಾನ ವಿಡಿಯೋ ಗೇಮೊಂದನ್ನು ಮೂರು ಕಂತಿಗೆ ಇಳಿಸಿ, ಇಪ್ಪತ್ತು ತಿಂಗಳೆಂದುಕೊಂಡಿದ್ದ ಕೆಲಸಕ್ಕೆ ಐದು ವರ್ಷ ತೆಗೆದುಕೊಂಡವನು ನಾನು. ತಂಡದಲ್ಲಿದ್ದವರು ಇಬ್ಬರೇ. ಕಥೆ, ಸಂಭಾಷಣೆ, ಕೋಡ್ ನನ್ನ ಪಾಲು. ಚಿತ್ರ ಮತ್ತು ಅನಿಮೇಶನ್ ಗೆಳತಿಯ ಪಾಲು. ಸಂಗೀತಕ್ಕೂ ಪಾತ್ರಗಳ ಧ್ವನಿಗೂ ಬೇಕಾದಾಗ ಹೊರಗಿನವರನ್ನು ಕರೆಯುತ್ತಿದ್ದೆವು. ಒಂದೊಂದು ಕಂತಿಗೆ ನಾಲ್ಕು ತಿಂಗಳೆಂದು ನಾವು ಲೆಕ್ಕ ಹಾಕಿದ್ದೆವು. ಆ ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯಲು ನನಗೆ ನೆರವಾದದ್ದು ದಿನವೂ ಯಾವ ಕೆಲಸಕ್ಕೆ ಎಷ್ಟು ಗಂಟೆ ಹೋಯಿತೆಂದು ಬರೆದಿಡುತ್ತಿದ್ದ ಪುಸ್ತಕ.

ನಾಲ್ಕು ತಿಂಗಳೆಂಬ ಅಂದಾಜು ಗಾಳಿಯಿಂದ ಬಂದದ್ದಲ್ಲ. ಮೂವರ ಪುಟ್ಟ ತಂಡವೊಂದು ರೂಪಿಸಿದ ಕೆಂಟಕಿ ರೂಟ್ ಝೀರೋ ಆಟದ ಮೊದಲ ಅಂಕ 2013ರ ಜನವರಿಯಲ್ಲಿಯೂ ಎರಡನೆಯದು ಅದೇ ವರ್ಷದ ಮೇ ತಿಂಗಳಲ್ಲಿಯೂ ಬಿಡುಗಡೆಯಾಗಿದ್ದವು. ನಮ್ಮ ಕಣ್ಣು ಬಿದ್ದದ್ದು ಆ ನಾಲ್ಕು ತಿಂಗಳ ಅಂತರದ ಮೇಲೆ. ಮೂರನೆಯ ಅಂಕ 2014ರ ಮೇ ತಿಂಗಳಿಗೂ ನಾಲ್ಕನೆಯದು 2016ರ ಜುಲೈಗೂ ಹೋಯಿತು, ಐದನೆಯದಂತೂ 2020ರ ಜನವರಿಯವರೆಗೆ ಬರಲಿಲ್ಲ. ಕಂತಿನಿಂದ ಕಂತಿಗೆ ಅಂತರ ಹಿಗ್ಗುತ್ತಲೇ ಹೋಗುವ ಈ ಸಾಲಿನಲ್ಲಿ ನಮಗೆ ಹಿತವಾದ ಒಂದೇ ಸಂಖ್ಯೆಯನ್ನು ಆರಿಸಿಕೊಂಡಿದ್ದೆವು. ಡೆಲ್ಟಾರೂನ್ ಆಟದ್ದೂ ಬೇರೆ ಕಥೆಯಲ್ಲ: ಮೊದಲ ಅಧ್ಯಾಯ 2018ರಲ್ಲಿ, ಎರಡನೆಯದು 2021ರಲ್ಲಿ, ಮೂರು ಮತ್ತು ನಾಲ್ಕು ಒಟ್ಟಿಗೆ 2025ರಲ್ಲಿ. ಹಣವಿದ್ದರೆ ವೇಗ ಬರುತ್ತದೆಂಬ ಸಮಾಧಾನವೂ ನಿಲ್ಲುವುದಿಲ್ಲ. ಬ್ರೋಕನ್ ಏಜ್ ಆಟಕ್ಕೆ 2012ರಲ್ಲಿ ಜನರಿಂದ ಕೇಳಿದ್ದು ನಾಲ್ಕು ಲಕ್ಷ ಡಾಲರ್, ಬಂದದ್ದು 33 ಲಕ್ಷಕ್ಕೂ ಹೆಚ್ಚು. ಬಂದ ಹಣದೊಂದಿಗೆ ಆಟದ ವಿಸ್ತಾರವೂ ಬೆಳೆದು, ಕೊನೆಗೆ ಅದನ್ನು ಎರಡು ಭಾಗ ಮಾಡಿ 2014ರ ಜನವರಿಯಲ್ಲಿ ಒಂದನ್ನೂ 2015ರ ಏಪ್ರಿಲ್‌ನಲ್ಲಿ ಇನ್ನೊಂದನ್ನೂ ಬಿಡುಗಡೆ ಮಾಡಬೇಕಾಯಿತು.

ನಮ್ಮ ಮೊದಲ ಕಂತಿಗೆ ಒಂಬತ್ತು ತಿಂಗಳು ಹಿಡಿಯಿತು. ಆಗಲೂ ನಾನು ಎದೆಗುಂದಲಿಲ್ಲ. ಸಂಭಾಷಣೆಯನ್ನು ತೋರಿಸುವ ವ್ಯವಸ್ಥೆ, ಪಾತ್ರಗಳ ನಡಿಗೆ, ಮೆನು, ಸೇವ್ ಮಾಡುವ ವಿಧಾನ ಎಲ್ಲವೂ ಈಗ ಸಿದ್ಧವಾಗಿವೆ, ಇನ್ನು ಕಥೆಯನ್ನು ತುಂಬುತ್ತಾ ಹೋದರಾಯಿತು ಎಂದುಕೊಂಡೆ. ಬರೆದಿಟ್ಟ ಪುಸ್ತಕ ಇದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತದೆ. ಎರಡನೆಯ ಕಂತಿನ ಕೆಲಸ ಆರಂಭವಾದ ಮೊದಲ ಐದು ತಿಂಗಳಲ್ಲಿ ನನ್ನ ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಕಂತಿಗೇ ಹೋಗಿದ್ದವು. ಬಿಡುಗಡೆಯಾದ ಕಂತು ಮುಗಿದ ಕಂತಲ್ಲ. ಅದಕ್ಕೆ ಬಗ್, ಅಂದರೆ ಕೋಡಿನ ದೋಷಗಳ ವರದಿಗಳು ಬರುತ್ತವೆ, ಹೊಸ ಗ್ರಾಫಿಕ್ಸ್ ಕಾರ್ಡಿನಲ್ಲಿ ಪರದೆ ಕಪ್ಪಾಗುತ್ತದೆ, ಇನ್ನೊಂದು ಭಾಷೆಗೆ ಅನುವಾದ ಬೇಕೆಂಬ ಕೋರಿಕೆ ಬರುತ್ತದೆ. ಇಡಿಯಾಗಿ ಹೊರಬರುವ ಆಟಕ್ಕೂ ಈ ಉಸ್ತುವಾರಿ ತಪ್ಪಿದ್ದಲ್ಲ, ಆದರೆ ಅದು ಬರುವುದು ತಯಾರಿಯೆಲ್ಲ ಮುಗಿದ ಮೇಲೆ. ನಮಗೆ ತಯಾರಿ ಮತ್ತು ಉಸ್ತುವಾರಿ ಎರಡೂ ಏಕಕಾಲಕ್ಕೆ ಬಂದು ಕುಳಿತವು.

ಎಲ್ಲಕ್ಕಿಂತ ಹೆಚ್ಚು ಕಾಲವನ್ನು ನುಂಗಿದ್ದು ಸೇವ್ ಫೈಲ್, ಅಂದರೆ ಆಟಗಾರರು ಎಲ್ಲಿಯವರೆಗೆ ಆಡಿದ್ದಾರೆಂದು ಉಳಿಸಿಡುವ ಕಡತ. ಮೊದಲ ಕಂತಿನಲ್ಲಿ ಆಟಗಾರರು ಹೌದು ಅಥವಾ ಇಲ್ಲ ಎಂದು ನಿರ್ಧರಿಸಬೇಕಾದ ಹತ್ತು ಸಂದರ್ಭಗಳಿದ್ದವು, ಮತ್ತು ಆ ಹತ್ತೂ ನಿರ್ಧಾರಗಳನ್ನು ಮುಂದಿನ ಕಂತುಗಳು ನೆನಪಿಟ್ಟುಕೊಳ್ಳುತ್ತವೆಂದು ಪ್ರಚಾರದಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆವು. ಹತ್ತು ನಿರ್ಧಾರಗಳೆಂದರೆ 1,024 ಸಂಯೋಜನೆಗಳು. ಎರಡನೆಯ ಕಂತಿನಲ್ಲಿ ಇನ್ನಾರು ಸೇರಿದಾಗ ಅದು 65,536 ಆಗುತ್ತದೆ. ಇವೆಲ್ಲಕ್ಕೂ ಬೇರೆಬೇರೆ ದೃಶ್ಯ ಬರೆಯಬೇಕಿಲ್ಲ, ನಿಜ, ಆದರೆ ಯಾವ ಸಂಯೋಜನೆಯಲ್ಲೂ ಸತ್ತವನು ಬಂದು ಮಾತನಾಡಬಾರದು, ಕೊಡದ ಕೀಲಿಕೈ ನಾಯಕಿಯ ಚೀಲದಲ್ಲಿ ಇರಬಾರದು. ಪರೀಕ್ಷಿಸುವವರು ಇಬ್ಬರೇ ಇರುವಾಗ ಅದನ್ನು ಖಾತ್ರಿಪಡಿಸಿಕೊಳ್ಳುವುದು ಹೇಗೆ? ಇದರ ಮೇಲೆ, ಸೇವ್ ಫೈಲಿನಲ್ಲಿ ನಾನು ನಿರ್ಧಾರಗಳನ್ನಷ್ಟೇ ಬರೆಯದೆ ಕೋಣೆಯ ಹೆಸರು, ವಸ್ತುಗಳ ಸ್ಥಾನ, ಪಾತ್ರ ನಿಂತ ಜಾಗ ಎಲ್ಲವನ್ನೂ ಬರೆದಿಟ್ಟಿದ್ದೆ. ಎರಡನೆಯ ಕಂತಿಗಾಗಿ ಎಂಜಿನ್ನಿನ, ಅಂದರೆ ಆಟವನ್ನು ನಡೆಸುವ ಮೂಲ ತಂತ್ರಾಂಶದ, ಹೊಸ ಆವೃತ್ತಿಗೆ ಹೋಗಿ, ಅಚ್ಚುಕಟ್ಟಾಗಲೆಂದು ಎರಡು ಕೋಣೆಗಳ ಹೆಸರನ್ನೂ ಬದಲಿಸಿದೆ. ಹಳೆಯ ಫೈಲುಗಳು ತೆರೆಯದಾದವು. ಅದನ್ನು ಸರಿಪಡಿಸಲು ಏಳು ವಾರ ಬೇಕಾಯಿತು. ಈಗ ನಮ್ಮ ಪ್ರತಿ ಫೈಲಿನ ಮೊದಲ ಸಾಲಿನಲ್ಲಿ ಆವೃತ್ತಿಯ ಸಂಖ್ಯೆಯಿರುತ್ತದೆ, ಹಳೆಯ ಆವೃತ್ತಿಯದನ್ನು ಒಂದೊಂದೇ ಮೆಟ್ಟಿಲು ಹತ್ತಿಸಿ ಹೊಸದಕ್ಕೆ ತರುವ ಕೋಡ್ ಇದೆ, ಮತ್ತು ಕಂತಿನಿಂದ ಕಂತಿಗೆ ದಾಟುವುದು ನಿರ್ಧಾರಗಳು ಮಾತ್ರ. ಇಷ್ಟನ್ನು ಮೊದಲ ದಿನವೇ ಮಾಡಿದ್ದರೆ ಒಂದು ಮಧ್ಯಾಹ್ನದ ಕೆಲಸವಾಗುತ್ತಿತ್ತು.

ಹಣದ ವಿಷಯ ಚಿಕ್ಕದು. ಮೊದಲ ಕಂತನ್ನು ಆಡದೆ ಮೂರನೆಯದನ್ನು ಕೊಳ್ಳುವವರು ಇರುವುದಿಲ್ಲವಾದ್ದರಿಂದ ಓದುಗರಂತಿರುವ ಈ ಆಟಗಾರರ ಬಳಗ ಕಂತಿನಿಂದ ಕಂತಿಗೆ ಕಿರಿದಾಗುವುದೇ ಹೊರತು ಹಿಗ್ಗುವುದು ಕಷ್ಟ. ಎಲ್ಲ ಕಂತುಗಳ ಹಣವನ್ನು ಮೊದಲೇ ಕೊಟ್ಟವರಿಂದಲಂತೂ ಮತ್ತೆ ಏನೂ ಬರುವಂತಿಲ್ಲ. ಕೆಲಸ ಹೆಚ್ಚುತ್ತಿರುವಾಗ ಆದಾಯ ಇಳಿಯುತ್ತದೆ.

ಎರಡನೆಯ ಕಂತು ಹೊರಬಂದಾಗ ಆರಂಭದಿಂದ ಎರಡೂವರೆ ವರ್ಷ ಕಳೆದಿತ್ತು. ಮರುವಾರ ನಾವಿಬ್ಬರೂ ಕುಳಿತು, ಉಳಿದ ಮೂರು ಕಂತುಗಳ ಪ್ರತಿ ದೃಶ್ಯವನ್ನೂ ಬಣ್ಣವಿಲ್ಲದ ಪೆಟ್ಟಿಗೆಗಳಿಂದ ಕಟ್ಟಿ, ಧ್ವನಿಯಿಲ್ಲದ ಬರಿ ಅಕ್ಷರದ ಸಂಭಾಷಣೆ ಇಟ್ಟು, ಕೊನೆಯವರೆಗೆ ಆಡಿ ನೋಡಿದೆವು. ಇದಕ್ಕೆ ಹನ್ನೊಂದು ದಿನ ಹಿಡಿಯಿತು. ನಾಲ್ಕನೆಯ ಕಂತಿನಲ್ಲಿ ಕಥೆಯೇ ಮುಂದಕ್ಕೆ ಹೋಗುತ್ತಿರಲಿಲ್ಲ. ಐದು ಎಂಬ ಸಂಖ್ಯೆ ನಮಗೆ ಕಥೆಯಿಂದ ಬಂದದ್ದಲ್ಲ, ಬೇರೆಯವರೂ ಐದು ಮಾಡುತ್ತಾರೆಂಬ ರೂಢಿಯಿಂದ ಬಂದದ್ದು. ಮೂರನ್ನೂ ಒಂದಾಗಿ ಬೆಸೆದೆವು. ಕವಲೊಡೆದ ದಾರಿಗಳೆಲ್ಲ ಎರಡು ದೃಶ್ಯಗಳೊಳಗೆ ಮತ್ತೆ ಒಂದೇ ದಾರಿಗೆ ಬಂದು ಸೇರುವಂತೆ ತಿದ್ದಿ, ಹದಿನಾರು ನಿರ್ಧಾರಗಳಲ್ಲಿ ಐದನ್ನು ಮಾತ್ರ ಕಥೆಯ ತಿರುವಿಗೆ ಉಳಿಸಿಕೊಂಡು, ಮಿಕ್ಕವು ಒಂದೆರಡು ಸಾಲಿನ ಮಾತಿನಲ್ಲಿ ನೆನಪಾಗುವಂತೆ ಮಾಡಿದೆವು. ಸೇವ್ ಫೈಲ್ ಕಳೆದುಕೊಂಡವರಿಗೆ ಕಂತಿನ ಆರಂಭದಲ್ಲಿ ಒಂದು ಪಾತ್ರವೇ ಹಿಂದಿನದನ್ನು ವಿಚಾರಿಸುವ ನೆಪದಲ್ಲಿ ಆ ಐದು ಪ್ರಶ್ನೆ ಕೇಳುತ್ತದೆ. ಹೊಸ ಸ್ಥಳಗಳನ್ನು ಆದಷ್ಟು ಕಡಿಮೆ ಮಾಡಿ ಹಳೆಯವನ್ನೇ ಬೇರೆ ಬೆಳಕಿನಲ್ಲಿ ಬಳಸಿದೆವು. 2006ರ ಅಕ್ಟೋಬರಿನಿಂದ 2007ರ ಏಪ್ರಿಲ್‌ವರೆಗೆ ಆರು ಕಂತುಗಳನ್ನು ಹೊರತಂದ ಸ್ಯಾಮ್ ಆ್ಯಂಡ್ ಮ್ಯಾಕ್ಸ್ ಆಟದಲ್ಲಿ ಅದೇ ಕಚೇರಿ, ಅದೇ ಬೀದಿ ಮತ್ತೆ ಮತ್ತೆ ಬರುತ್ತವೆ. ಅದನ್ನು ಬಡತನವೆಂದು ಒಮ್ಮೆ ನಕ್ಕಿದ್ದೆ. ಐದು ಕಂತಿಗೆಂದು ಹಣ ಕೊಟ್ಟಿದ್ದವರಿಗೆ ವಿಷಯ ತಿಳಿಸಿ, ಬೇಕೆಂದವರಿಗೆ ಹಿಂದಿರುಗಿಸಿದೆವು. ಬಿಡುಗಡೆಯ ದಿನಾಂಕವನ್ನು ಮತ್ತೆ ಎಲ್ಲಿಯೂ ಪ್ರಕಟಿಸಲಿಲ್ಲ.

ಕೊನೆಯವರೆಗೂ ಬಗೆಹರಿಯದೆ ಉಳಿದದ್ದು ಉತ್ತರ ದಿಕ್ಕಿನ ಬಾಗಿಲು. ಮೊದಲ ಕಂತಿನಲ್ಲಿ ಬೀಗ ಹಾಕಿದ ದೊಡ್ಡ ಬಾಗಿಲೊಂದರ ಮುಂದೆ ಕುಳಿತ ಮುದುಕ, ಇದರಾಚೆಗೆ ಒಂದು ಇಡೀ ಪಟ್ಟಣವಿದೆ, ಒಂದು ದಿನ ನಿನ್ನನ್ನು ಕರೆದೊಯ್ಯುತ್ತೇನೆ ಎಂದು ನಾಯಕಿಗೆ ಹೇಳುತ್ತಾನೆ. ಬರೆಯಲು ಎರಡು ನಿಮಿಷ ಹಿಡಿದಿದ್ದ ಆ ಸಾಲು ಜನರ ಬಾಯಲ್ಲಿ ನಿಂತುಬಿಟ್ಟಿತ್ತು. ಪಟ್ಟಣದಲ್ಲಿ ಏನಿದೆಯೆಂದು ವಾರಕ್ಕೊಬ್ಬರಾದರೂ ಕೇಳುತ್ತಿದ್ದರು. ಮಾತು ಆಡಿದರೆ ಹೋಯಿತು ಎನ್ನುವುದು ಬಿಡುಗಡೆಯಾದ ಕಂತಿಗೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಆಮೇಲೆ ಕಳಿಸುವ ತಿದ್ದುಪಡಿಯಾದ ಪ್ಯಾಚಿನಿಂದ ಬಗ್ ತೆಗೆಯಬಹುದು, ಕೇಳಿದವರ ನೆನಪಿನಿಂದ ಸಾಲನ್ನು ತೆಗೆಯಲಾಗದು. ಗೆಳತಿಯ ಅಂದಾಜಿನಲ್ಲಿ ಆ ಪಟ್ಟಣದ ಚಿತ್ರಗಳಿಗೇ ಹದಿನಾಲ್ಕು ತಿಂಗಳು ಬೇಕಿತ್ತು. ಕೊನೆಯ ಕಂತಿನಲ್ಲಿ ಬಾಗಿಲು ತೆರೆಯುತ್ತದೆ, ಆಚೆಗೆ ಒಂದು ಸಣ್ಣ ಜಗಲಿ, ಅದರ ಕೆಳಗೆ ದೂರದಲ್ಲಿ ಪಟ್ಟಣದ ದೀಪಗಳು. ಮುದುಕನಿಗೆ ಈಗ ಅಷ್ಟು ದೂರ ನಡೆಯಲಾಗುವುದಿಲ್ಲ. ಅವನು ಅಲ್ಲಿಯೇ ಕುಳಿತು ಒಂದೊಂದು ದೀಪವನ್ನೂ ತೋರಿಸಿ ಅದು ಯಾರ ಮನೆಯದೆಂದು ಹೇಳುತ್ತಾನೆ, ನಾಯಕಿ ಕೇಳುತ್ತಾಳೆ. ಒಂದೇ ಚಿತ್ರ, ನಲವತ್ತು ಸಾಲು ಸಂಭಾಷಣೆ, ಒಂಬತ್ತು ದಿನದ ಕೆಲಸ.